ಜ್ವರದ ಹುಳಕ್ಕೆ ಸೊಪ್ಪು

ಕೊನೆಯ ತಟ್ಟೆಗೆ ಸೊಪ್ಪು ಹರಡುತ್ತಿದ್ದ ಯಶೋಧರಾಳ ಕೈ ಅಲ್ಲೇ ನಿಂತಿತು.

ಹುಳ ಆಗತಾನೆ ಜ್ವರದಿಂದ ಎದ್ದಿತ್ತು. ಒಂದೂವರೆ ದಿನ ತಲೆ ಎತ್ತಿ, ಬಾಯಿ ಮುಚ್ಚಿ, ಮಿಸುಕದೆ ಬಿದ್ದಿದ್ದು, ಹಳೆಯ ಚರ್ಮ ಕಳಚಿಕೊಂಡು ಏಳುವ ರೇಷ್ಮೆ ಹುಳಕ್ಕೆ ಎಂಥ ಹಸಿವಾಗುತ್ತದೆಂದು ಸಾಕಿದವರಿಗೇ ಗೊತ್ತು. ಒಣ ಪಂಚೆಯಲ್ಲಿ ಒರೆಸಿ ತಂದ ಎಲೆಗಳಿಗೆ ಅವು ಬಾಯಿ ಹಾಕಿದ್ದೇ ಹುಳದ ಮನೆಯ ತುಂಬ ಸಣ್ಣ ಮಳೆಯ ಸದ್ದೆದ್ದಿತು. ನಡುಮನೆಯಲ್ಲಿ ಯಾರೋ, ಮತ್ತೆ ಹಿಡಿದುಕೊಂಡಿತು ನೋಡು ಎಂದು ಗೊಣಗಿದರು. ಮಳೆಯಲ್ಲ, ಹುಳ ಎಂದು ತಿಳಿಸುವ ಗೋಜಿಗೆ ಯಶೋಧರಾ ಹೋಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

ನಾಲ್ಕನೇ ಜ್ವರ ಎದ್ದ ಮೇಲೆ ಇದು ಮೊದಲ ಸೊಪ್ಪು. ಸೋಮವಾರ ಸಂಜೆಯಿಂದ ಈ ಬುಧವಾರ ಮಧ್ಯಾಹ್ನದವರೆಗೆ ಇಲ್ಲಿ ಯಾರೂ ಹುಳಕ್ಕೆ ಒಂದೆಲೆ ಹಾಕಿಲ್ಲ. ಹಾಕುವ ಹಾಗೂ ಇಲ್ಲ, ಜ್ವರದಲ್ಲಿ ಹುಳ ತಿನ್ನುವುದೇ ಇಲ್ಲ.

ಹಾಗಾದರೆ ನಿನ್ನೆ ಸಂಜೆ ಈ ಮನೆಯೊಡತಿ ಚಿಕ್ಕವೆಂಕಟಮ್ಮ ಎಲ್ಲರ ಮುಂದೆ ಹೇಳಿದ್ದು ಏನು?

“ಬೆಳಕು ಹರಿಯೋ ಹೊತ್ನಲ್ಲಿ ನಾನು ಹುಳಕ್ಕೆ ಸೊಪ್ಪು ಹಾಕ್ತಾ ಇದ್ದೆ. ವೇಣು ನನ್ನ ಜೊತೇಲಿರ್ಲಿಲ್ಲ.”

ತಾಯಿಯ ಆ ಒಂದು ಮಾತಿಗೆ ಇಪ್ಪತ್ತಾರು ವರ್ಷದ ವೇಣು ತಂದೆಯನ್ನು ಕೊಂದವನಾಗಿ ಸಾಮಾನಿನ ಕೋಣೆ ಸೇರಿದ್ದ. ತಾನು ಆ ಹೊತ್ತಿನಲ್ಲಿ ಅಮ್ಮನ ಜೊತೆ ಕೂತು ಕಾಫಿ ಕುಡಿಯುತ್ತಿದ್ದೆ ಎಂದು ಅವನು ಹೇಳುತ್ತಲೇ ಇದ್ದ. ಆ ತಾಯಿ ಹೌದೆಂದರೆ ಅವನು ಬಿಡುಗಡೆ, ಇಲ್ಲವೆಂದರೆ ಜೈಲು. ಅವಳು ಇಲ್ಲವೆಂದಿದ್ದಳು.

ಎಂಥ ಘಳಿಗೆಯಲ್ಲಿ ಈ ಸಂಸಾರ ಇಲ್ಲಿ ಸೇರಿತೋ. ಹದಿನಾಲ್ಕು ವರ್ಷದ ಮೇಲೆ, ಎರಡು ಸಾವಿರದ ಐದರ ಕಾರ್ತಿಕದಲ್ಲಿ ನೇರಳಹುಡ್ಯದ ಕೆರೆ ಕೋಡಿ ಬಿದ್ದಿತ್ತು. ಕೆರೆ ತುಂಬಿ ಹರಿದ ವರ್ಷ ವಂಶದವರೆಲ್ಲ ಎಲ್ಲೇ ಇರಲಿ ಬಂದು ಗಂಗಮ್ಮನಿಗೆ ಪೂಜೆ ಮಾಡಿ, ತೆಪ್ಪದ ಮೇಲೆ ದೀಪ ಬಿಡಬೇಕು ಎನ್ನುವುದು ವೇಣುವಿನ ತಂದೆ ನರಸಿಂಹಪ್ಪನ ಮನೆತನದ ಕಟ್ಟಳೆ. ನಾಲ್ಕು ದಿನ ರಜೆ ಹಾಕಿ, ಮೀನು ಹಿಡಿಯೋಣ, ಈಜೋಣ, ಹಳೆಯದೆಲ್ಲ ಮಾತಾಡೋಣ ಎಂದು ಬಂದವರು ಅವರು. ಮಗಳು ಹರಿತಾ ತನ್ನ ಕಾಲೇಜಿನ ಗೆಳತಿ, ಸಬ್ ಇನ್‌ಸ್ಪೆಕ್ಟರ್ ಯಶೋಧರಾಳನ್ನೂ ಎಳೆದು ತಂದಿದ್ದಳು. ನೆಮ್ಮದಿಯಾಗಿ ನಿದ್ದೆ ಮಾಡುವೆಯಂತೆ ಬಾರೇ ಎಂದಿದ್ದಳು.

ಮಂಗಳವಾರ ಬೆಳಿಗ್ಗೆ ನರಸಿಂಹಪ್ಪ ಕೆರೆಯ ತೂಬಿನ ಹತ್ತಿರ ನೀರಿನಲ್ಲಿ ಬೋರಲಾಗಿ ತೇಲುತ್ತಿದ್ದ. ತಲೆಯ ಹಿಂದೆ ಏಟು. ಪಕ್ಕದಲ್ಲಿ ವೇಣುವಿನ ಟವೆಲ್ಲು.

ಓಡಿಹೋಗಲು ಯಾರಿಗೂ ದಾರಿಯಿರಲಿಲ್ಲ. ಏರಿಯ ಈ ತುದಿಗೆ ತೋಟದ ಮನೆ, ಆ ತುದಿಗೆ ಭೋರ್ಗರೆಯುವ ಕೋಡಿ, ಅದರಾಚೆ ಊರು. ಕೋಡಿಯ ನೀರು ಹಳ್ಳವಾಗಿ ಬಳಸಿಕೊಂಡು ಮನೆಯ ಹಿಂದೆಯೇ ಹರಿಯುತ್ತಿತ್ತು. ದಾರಿಯ ಮೋರಿ ಸೋಮವಾರವೇ ಕೊಚ್ಚಿಹೋಗಿತ್ತು. ಕರೆಂಟಿಲ್ಲ. ಏರಿಯ ಮೇಲೆ ನಿಂತರೆ ಸಿಗುತ್ತಿದ್ದ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಯಶೋಧರಾ ಪೊಲೀಸರಿಗೆ ವಿಷಯ ಮುಟ್ಟಿಸಿದ್ದಳು, ಅಷ್ಟರಲ್ಲಿ ಮೊಬೈಲು ಸತ್ತಿತ್ತು. ಹೆಣವನ್ನು ಮಣ್ಣು ಮಾಡಲು ಅವಳೇ ಬಿಟ್ಟಿರಲಿಲ್ಲ. ಗಾಡಿ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು ಹೊದ್ದು ಯಜಮಾನ ಮಲಗಿದ್ದ. ಹಿತ್ತಲಿಗೆ ಹೋಗುವವರೆಲ್ಲ ಆ ಕಡೆ ನೋಡದೆ ಸುತ್ತಿ ಹೋಗುತ್ತಿದ್ದರು, ಬೇಗ ಬಂದು ಮತ್ತೆ ಅದೇ ನಡುಮನೆಯಲ್ಲಿ, ಅದೇ ಮುಖಗಳ ಎದುರು ಕೂರುತ್ತಿದ್ದರು.

ಸೂತಕದವರು ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ಹೊರಗಿನವಳು ಯಶೋಧರಾ ಒಬ್ಬಳೇ. ಹಾಗಾಗಿ ಹುಳದ ಪಾಲನೆ ಅವಳ ತಲೆಗೆ ಬಿದ್ದಿತ್ತು. ಹೊಸ ಕೆಲಸವೇನಲ್ಲ. ಅವಳ ತಾಯಿ ಜಂಗಮಕೋಟೆಯ ಮುನಿಶಾಮಮ್ಮ ಇದೇ ಮನೆಯಲ್ಲಿ ಹನ್ನೆರಡು ವರ್ಷ ಕೂಲಿಗೆ ಹುಳ ಮೇಯಿಸಿದವಳು. ಆಗ ಅವಳನ್ನು ಹುಳದ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರು, ಅಡುಗೆ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ಮಗಳಿಗೆ ನಡುಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತಾರೆ. ಕಾಲ ಬದಲಾಗಿದೆ ಎಂದು ಇವರು ಅಂದುಕೊಳ್ಳುತ್ತಾರೆ, ಪೊಲೀಸ್ ಕೆಲಸ ಬದಲಾಯಿಸಿದ್ದು ಎಂದು ಯಶೋಧರಾ ಅಂದುಕೊಳ್ಳುತ್ತಾಳೆ.

ಅವಳು ತಟ್ಟೆಯ ಮುಂದೆಯೇ ನಿಂತು ಯೋಚಿಸಿದಳು.

ದೊಡ್ಡ ಮಗ ನರಸಿಂಹಮೂರ್ತಿ ಚಿಂತಾಮಣಿಯಲ್ಲಿ ಲೆಕ್ಚರರು. ಅಳಿಯ ಮೋಹನ್‌ಬಾಬು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರು. ಹರಿತಾ ಹತ್ತನೇ ವಯಸ್ಸಿಗೇ ಹಾಸ್ಟೆಲ್ ಸೇರಿದವಳು. ವೇಣು ಹೊಲ ನೋಡುತ್ತಾನೆ, ಹುಳದ ಕಡೆ ತಲೆ ಹಾಕುವುದಿಲ್ಲ. ಜ್ವರದಲ್ಲಿ ಸೊಪ್ಪು ಹಾಕುವುದಿಲ್ಲ ಎನ್ನುವುದು ಇವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆದರೆ ಮೂವತ್ತೈದು ವರ್ಷ ಹುಳ ಸಾಕಿದ ಹೆಂಗಸು ಈ ವಿಷಯದಲ್ಲಿ ಬಾಯಿ ತಪ್ಪುವುದುಂಟೆ? ಗಾಢವಾಗಿ ನಿದ್ದೆ ಮಾಡುವ ಮಗುವಿನ ಬಾಯಿಗೆ ತುತ್ತು ಇಟ್ಟೆ ಎಂದ ಹಾಗಾಯಿತು ಅದು. ಬೇಕಾದರೆ ಹಾಲು ಕರೆಯುತ್ತಿದ್ದೆ ಎನ್ನಬಹುದಿತ್ತು, ಅಂಗಳ ಗುಡಿಸುತ್ತಿದ್ದೆ ಎನ್ನಬಹುದಿತ್ತು. ಅಷ್ಟೂ ಜನರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಾಗುವಂಥ ಸುಳ್ಳನ್ನೇ ಹುಡುಕಿ ಹೇಳಿದ್ದಳು ಆಕೆ. ಆ ಒಬ್ಬಳು ಮುನಿಶಾಮಮ್ಮನ ಮಗಳು.

ಯಾರೋ ಹೆದರಿಸಿ ಹೇಳಿಸಿದ್ದಾರೆ. ಬಾಯಿ ಬಿಟ್ಟು ಹೇಳಲಾರದೆ ಹೀಗೆ ಹೇಳಿದ್ದಾಳೆ. ಯಶೋಧರಾ ಹಾಗೆಂದೇ ತೀರ್ಮಾನಿಸಿದಳು. ಅವಳ ಮೈ ಬೆಚ್ಚಗಾಯಿತು, ಎರಡು ದಿನದಲ್ಲಿ ಮೊದಲ ಸಲ ಖುಷಿಯಾಯಿತು.

ಹೆದರಿಸಿದವರು ಯಾರು?

ನಡುಮನೆಗೆ ಬಂದು ನೋಡಿದರೆ ಉತ್ತರ ಕುರ್ಚಿಯ ಮೇಲೆಯೇ ಕೂತಿತ್ತು. ಗಂಡ ಸತ್ತ ಹೆಂಗಸನ್ನು ಒಬ್ಬಳನ್ನೇ ಬಿಡಬಾರದೆಂದು ಹರಿತಾ ತಾಯಿಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅವರಿಬ್ಬರ ಎದುರಿಗೆ, ಬಾಗಿಲಿಗೆ ಅಡ್ಡವಾಗಿ, ಮೋಹನ್‌ಬಾಬು. ನಿನ್ನೆಯಿಂದ ಅತ್ತೆಯ ಮೇಲಿನ ಕಣ್ಣು ಕಿತ್ತಿರಲಿಲ್ಲ. ಕೆರೆ ದಂಡೆಯ ತೋಟದಲ್ಲಿ ರೆಸಾರ್ಟ್ ಮಾಡಬೇಕೆಂದು ವರ್ಷದಿಂದ ಮಾವನ ಬೆನ್ನು ಬಿದ್ದಿದ್ದವನು. ತೋಟ ಬಿಡುವುದಿಲ್ಲ ಎಂದು ಅಡ್ಡ ನಿಂತಿದ್ದವನು ವೇಣು.

ನರಸಿಂಹಮೂರ್ತಿ ಕಿಟಕಿಯ ಹತ್ತಿರ ತಂದೆಯ ಕನ್ನಡಕ ಒರೆಸುತ್ತ ನಿಂತಿದ್ದ. ಪಾಠ ಮಾಡಿ ಮಾಡಿ ಧ್ವನಿ ಏರಿಸುವುದನ್ನೇ ಮರೆತ ಮನುಷ್ಯ. ಅವನಿಗೂ ನೋವಿತ್ತು. ತೆಪ್ಪದ ದೀಪ ಹಚ್ಚುವವನು ಮುಂದಿನ ಯಜಮಾನ, ಅದು ಹಿರಿಯ ಮಗನ ಹಕ್ಕು. ಸೋಮವಾರ ನರಸಿಂಹಪ್ಪ ಎಲ್ಲರೆದುರು ಬೆಂಕಿಕಡ್ಡಿಯನ್ನು ವೇಣುವಿನ ಕೈಗೆ ಕೊಟ್ಟುಬಿಟ್ಟಿದ್ದ. ಮೂರ್ತಿ ನಕ್ಕು ತಮ್ಮನ ಬೆನ್ನು ತಟ್ಟಿದ್ದನ್ನು ಯಶೋಧರಾ ಕಣ್ಣಾರೆ ಕಂಡಿದ್ದಳು. ಒಳ್ಳೆಯವನು ಎಂದುಕೊಂಡಿದ್ದಳು.

ಇನ್ನೊಂದು ವಿಷಯವಿತ್ತು. ನಿನ್ನೆ ಮಧ್ಯಾಹ್ನ, ಇನ್ನೂ ಯಾರೂ ಅವನನ್ನು ಬೆರಳು ಮಾಡಿ ತೋರಿಸದಿದ್ದಾಗ, ವೇಣು ಎಲ್ಲರೆದುರು ಒಂದು ಮಾತು ಹೇಳಿದ್ದ. ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ದೂರದಲ್ಲಿ ತೂಬಿನ ಕಡೆಯಿಂದ ಏರಿಯ ಮೇಲೆ ಯಾರೋ ಬರುತ್ತಿದ್ದರಂತೆ. ಕರೀ ಕೊಡೆ ಅಡ್ಡವಾಗಿ ಮುಖ ಕಾಣಲಿಲ್ಲವಂತೆ, ನಡಿಗೆ ಮಾತ್ರ ಗುರುತಿನದು ಅನ್ನಿಸಿತಂತೆ. ಮನೆಯಲ್ಲಿ ಕರೀ ಕೊಡೆ ಎರಡಿದ್ದವು, ಒಂದು ಅಳಿಯನದು, ಒಂದು ದೊಡ್ಡ ಮಗನದು. ಯೋಚನೆ ಮಾಡಿದರೆ ನೆನಪಾಗುತ್ತದೆ ಎಂದು ವೇಣು ಹಣೆ ಉಜ್ಜಿಕೊಂಡಿದ್ದ. ಆಮೇಲೆ ಅವನೇ ಆರೋಪಿಯಾದ ಮೇಲೆ ಆ ಮಾತನ್ನು ಕೇಳುವವರಿರಲಿಲ್ಲ.

ಅಷ್ಟರಲ್ಲಿ ಕೆರೆಯಾಚೆಯಿಂದ ಕೂಗು ಬಂತು. ನೀರಗಂಟಿ ಮುನಿಗಂಗಪ್ಪ. ಕೆರೆಯ ನೀರು ನೋಡಿಕೊಳ್ಳುವ ಕೆಲಸ ಅವನ ಅಪ್ಪನ ಕಾಲದಿಂದ ಬಂದದ್ದು, ಗಂಟಲೂ ಹಾಗೆಯೇ ಬಂದದ್ದಿರಬೇಕು. ಸೆಳೆತ ಕಡಿಮೆಯಾಗಿದೆ, ಜೀಪು ಬಂದು ನಿಂತಿದೆ, ಮಳೆ ಮತ್ತೆ ಬರುವುದರೊಳಗೆ ತೆಪ್ಪದಲ್ಲಿ ಬರುವವರು ಬನ್ನಿ, ಕೋಡಿಯ ಕಡೆ ಮಾತ್ರ ಹೋಗಬೇಡಿ ಎಂದು ಅವನು ಕೈಯೆತ್ತಿ ಸಾರುತ್ತಿದ್ದ.

ತೆಪ್ಪವೆಂದರೆ ಪೂಜೆಗೆಂದು ಖಾಲಿ ಡ್ರಮ್ಮುಗಳಿಗೆ ಬಿದಿರು ಬಿಗಿದು ಮಾಡಿದ್ದು. ಮೂರು ಜನಕ್ಕೆ ಸರಿ, ನಾಲ್ಕಾದರೆ ಭಯ.

ನಡುಮನೆಯಲ್ಲಿ ಎಲ್ಲರೂ ಒಮ್ಮೆಗೇ ಎದ್ದರು. ಮೊದಲು ಯಾರು ಹೋಗಬೇಕೆಂಬ ಜಗಳ ಸತ್ತವನ ಲೆಕ್ಕವನ್ನೂ ಇಡಲಿಲ್ಲ. ಯಶೋಧರಾ ಒಂದು ನಿಮಿಷ ಕೇಳಿಸಿಕೊಂಡಳು. ಅವಳಿಗೆ ಉಪಾಯ ಹೊಳೆದದ್ದು ಆಗಲೇ, ಮತ್ತು ಅದು ಎಷ್ಟು ಸೊಗಸಾಗಿ ಕಂಡಿತೆಂದರೆ ಎರಡನೇ ಸಲ ತಿರುಗಿಸಿ ನೋಡಬೇಕೆಂದು ಅನ್ನಿಸಲೇ ಇಲ್ಲ.

ಮೋಹನ್‌ಬಾಬು ಮನೆ ಬಿಟ್ಟರೆ ಮುದುಕಿ ಬಾಯಿ ಬಿಡುತ್ತಾಳೆ. ದಾರಿಯಲ್ಲಿ ಅವನ ಮೇಲೆ ಕಣ್ಣಿಡಲು ಮೂರ್ತಿ ಇದ್ದಾನೆ. ವೇಣುವೂ ಆಚೆ ದಡ ಸೇರಿ ಪೊಲೀಸರ ಕೈಯಲ್ಲಿದ್ದರೆ ಅವನಿಗೂ ಕ್ಷೇಮ. ಆರೋಪಿಯನ್ನು ಒಪ್ಪಿಸಲು ಮನೆಯ ಇಬ್ಬರು ಗಂಡಸರು ಹೋಗಬೇಕು, ಮೂರ್ತಿ ಮತ್ತು ಮೋಹನ್‌ಬಾಬು, ಇದು ಕಾನೂನು ಎಂದು ಅವಳು ಘೋಷಿಸಿದಳು. ಅಂಥ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಯಾರೂ ಕೇಳಲಿಲ್ಲ.

ಸಾಮಾನಿನ ಕೋಣೆಯ ಬೀಗದ ಕೈ ಚಿಕ್ಕವೆಂಕಟಮ್ಮನ ಸೆರಗಿನ ಗಂಟಿನಲ್ಲಿತ್ತು. ಯಶೋಧರಾ ಕೈ ಚಾಚಿದಳು. ಮುದುಕಿ ಗಂಟು ಬಿಚ್ಚಿದಳು, ಬೀಗದ ಕೈ ಯಶೋಧರಾಳ ಅಂಗೈಗೆ ಬಂತು, ಮುದುಕಿಯ ಬೆರಳುಗಳು ಮಾತ್ರ ಅದನ್ನು ಬಿಡಲಿಲ್ಲ.

“ಇನ್ನೊಂದಿನ ಇರ್ಲಿ ತಾಯಿ. ನೀರಿನ್ನೂ ಇಳಿದಿಲ್ಲ.”

“ಜೀಪ್ ಬಂದೈತೆ ಅಮ್ಮಾ.”

ಮೂರ್ತಿ ಮೃದುವಾಗಿ, ಕೊಡಮ್ಮ, ನಾನಿದ್ದೀನಲ್ಲ ಎಂದ. ಮೋಹನ್‌ಬಾಬು ಹಿಂದಿನಿಂದ ಗಡಿಯಾರ ನೋಡಿಕೊಂಡ. ಮುದುಕಿ ಇಬ್ಬರನ್ನೂ ನೋಡಿದಳು, ಬೆರಳು ಸಡಿಲಿಸಿದಳು. ಹೆತ್ತ ಕರುಳು ಎಂದು ಯಶೋಧರಾಳಿಗೆ ಅಯ್ಯೋ ಅನ್ನಿಸಿತು.

ವೇಣುವಿನ ಕೈಗಳನ್ನು ಅವಳೇ ಕಟ್ಟಿದಳು. ಬೇಡಿ ಇರಲಿಲ್ಲ, ಹುರಿ ಹಗ್ಗವಿತ್ತು. ಬೆನ್ನ ಹಿಂದೆ, ಪೊಲೀಸ್ ತರಬೇತಿಯಲ್ಲಿ ಕಲಿತ ಗಂಟು. ಎಳೆದಷ್ಟೂ ಬಿಗಿಯಾಗುವಂಥದ್ದು. ಅವನು ತಾಯಿಯ ಕಡೆ ನೋಡಿದ, ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನು ಮೆಟ್ಟಿಲಿಳಿದ.

ಮೂವರನ್ನೂ ತೆಪ್ಪ ಹತ್ತಿಸಿ, ದಡದಿಂದ ಅದು ಜಾರುವುದನ್ನು ನೋಡಿ, ಅಲ್ಲೇ ನಿಂತು ಕಣ್ಣಿಟ್ಟಿರು ಎಂದು ಹರಿತಾಳನ್ನು ಏರಿಯ ಮೇಲೆ ನಿಲ್ಲಿಸಿ ಯಶೋಧರಾ ಮನೆಗೆ ಬಂದಳು. ಹುಳದ ಮನೆಯ ಬಾಗಿಲಿನವರೆಗೆ ಚಿಕ್ಕವೆಂಕಟಮ್ಮನನ್ನು ಕೈಹಿಡಿದು ಕರೆತಂದಳು. ಮುದುಕಿ ಹೊಸಿಲಾಚೆ ನಿಂತಳು. ಯಶೋಧರಾ ಒಳಗೆ ನಿಂತು ಒಂದು ತಟ್ಟೆಯನ್ನು ಆಕೆಗೆ ಕಾಣುವಂತೆ ಬಾಗಿಸಿದಳು.

“ಅಮ್ಮಾ, ನಿನ್ನೆ ಹುಳ ಜ್ವರದಲ್ಲಿತ್ತು.”

ಮುದುಕಿ ತಲೆಯೆತ್ತಿದಳು. ಎರಡು ದಿನದಿಂದ ಅಳದಿದ್ದ ಕಣ್ಣು ಈಗ ತುಂಬಿತು.

“ಈಗ ಗೊತ್ತಾಯ್ತಾ? ನಿಮ್ಮಮ್ಮ ಮುನಿಶಾಮಿ ಆಗಿದ್ದಿದ್ರೆ ನಿನ್ನೇನೇ ಹಿಡೀತಿದ್ಲು.”

“ಯಾರು ಹೆದರ್ಸಿದ್ದು ನಿಮ್ಮನ್ನ? ಅಳಿಯಂದ್ರಾ? ಅವರು ಇಲ್ಲ ಈಗ. ಧೈರ್ಯವಾಗಿ ಹೇಳಿ.”

“ಯಾರೂ ಹೆದರ್ಸಿಲ್ಲ.”

ಯಶೋಧರಾ ತಟ್ಟೆಯನ್ನು ಕೆಳಗಿಟ್ಟಳು.

“ವೇಣು ನನ್ನ ಜೊತೇಲೇ ಇದ್ದ. ಈ ಬಾಗಿಲ ಕಟ್ಟೆ ಮೇಲೇ ಕೂತು ಕಾಫಿ ಕುಡೀತಿದ್ದ,” ಎಂದಳು ಚಿಕ್ಕವೆಂಕಟಮ್ಮ. “ಈ ಮನೇಲಿ ಗಟ್ಟಿ ಬೀಗ ಇರೋದು ಒಂದೇ ರೂಮಿಗೆ. ಕಿಟಕಿ ಇಲ್ದಿರೋದೂ ಅದೊಂದೇ. ನನ್ನ ಮಗನ್ನ ಅದರೊಳಗೆ ಹಾಕ್ಸೋಕೆ ನನಗೆ ಬೇರೆ ದಾರಿ ಹೊಳೀಲಿಲ್ಲ.”

ಹೊರಗೆ ಗಾಳಿ ಎದ್ದಿತ್ತು. ಯಶೋಧರಾಳಿಗೆ ಮಾತು ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

ಮುದುಕಿ ಉಳಿದದ್ದನ್ನು ನಿಧಾನವಾಗಿ ಹೇಳಿದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ, ತಂದುಕೊಡುವ ನೆರೆಯವರು ನೀರಿನಾಚೆ. ನಿನ್ನೆ ಮಧ್ಯಾಹ್ನ ಎಲ್ಲರೂ ಪೂಜೆಯ ತಂಬಿಟ್ಟು ತಿಂದು ಮಜ್ಜಿಗೆ ಕುಡಿಯಲು ಕೂತಿದ್ದರು. ವೇಣು ಕೊಡೆಯ ವಿಷಯ ಹೇಳಿದ್ದು ಆಗಲೇ. ಅದಾದ ಸ್ವಲ್ಪ ಹೊತ್ತಿಗೆ ಅವನ ಲೋಟದಿಂದ ಆಕೆಗೆ ಒಂದು ವಾಸನೆ ಬಂತು. ಗೂಡಿನ ಬೆಳೆ ಮುಗಿದ ಮೇಲೆ ಕ್ರಿಮಿ ಸಾಯಲೆಂದು ಹುಳದ ಮನೆಗೆ ಹೊಡೆಯುವ ಔಷಧಿಯ ವಾಸನೆ. ಮೂವತ್ತೈದು ವರ್ಷದಿಂದ ಮೂಗಿಗೆ ಹತ್ತಿದ್ದು, ಮಾರು ದೂರದಿಂದ ಹೇಳಬಲ್ಲಳು. ಲೋಟ ಬೀಳಿಸಿದಳು. ಪಾಪ, ಕೈ ನಡುಗುತ್ತಿದೆ ಎಂದು ಎಲ್ಲರೂ ಅಂದರು.

ಯಶೋಧರಾ ತಿರುಗಿ ಗೋಡೆಯ ಗೂಡನ್ನು ನೋಡಿದಳು. ಔಷಧಿಯ ಕ್ಯಾನು ಅಲ್ಲೇ ಇತ್ತು, ಮುಚ್ಚಳ ಅರ್ಧ ತಿರುಗಿತ್ತು. ಸೂತಕವನ್ನೂ ಲೆಕ್ಕಿಸದೆ ಯಾರೋ ಹೊಸಿಲು ದಾಟಿ ಬಂದು ಹೋಗಿದ್ದರು. ಎರಡು ದಿನದಿಂದ ಅವಳು ಇದರ ಪಕ್ಕದಲ್ಲೇ ಓಡಾಡುತ್ತಿದ್ದಳು.

“ನನಗಾದ್ರೂ ಹೇಳ್ಬಾರ್ದಿತ್ತಾ?”

“ಯಾವಾಗ ಹೇಳ್ಲಿ? ಒಂದು ಘಳಿಗೆ ನನ್ನ ಒಬ್ಬಳನ್ನೇ ಬಿಟ್ರಾ? ಅದಕ್ಕೇ ಸೊಪ್ಪು ಹಾಕ್ತಿದ್ದೆ ಅಂದೆ. ಪೊಲೀಸ್ನೋರು ಬಂದ ಮೇಲೆ ಆ ಸುಳ್ಳನ್ನ ನೀನು ಮುರೀತೀಯ, ಅಲ್ಲೀವರ್ಗೂ ಒಳಗಿದ್ದು ಬದುಕ್ಲಿ ಅಂತ. ತಿನ್ನೋದು ಕುಡಿಯೋದೆಲ್ಲ ನನ್ನ ಕೈಲೇ ಕೊಟ್ಟೆ.”

“ಲೋಟಕ್ಕೆ ಹಾಕಿದ್ದು ಯಾರು ಅಮ್ಮಾ?”

“ಅವನ ಆಚೆಗೆ ಒಬ್ಬ ಕೂತಿದ್ದ, ಈಚೆಗೊಬ್ಬ ಕೂತಿದ್ದ. ಒಬ್ಬ ನಾನು ಹೆತ್ತೋನು, ಇನ್ನೊಬ್ಬ ನನ್ನ ಮಗಳ ತಾಳಿ. ಯಾವನು ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ಎಲ್ಲರ ಮುಂದೇನೇ ಅವನ ಹೆಸರು ಹೇಳ್ತಿದ್ದೆ. ನಾನು ಕೈ ಬಿಡದೆ ಹಿಡ್ಕೊಂಡಿದ್ದೆನಲ್ಲ ತಾಯಿ, ನಿನಗೆ ಗೊತ್ತಾಗ್ಲಿಲ್ವಾ?”

ಯಶೋಧರಾ ಓಡಿದಳು. ಹದಿನೈದು ದಿನಕ್ಕೊಮ್ಮೆ ಪರೇಡು ಮಾಡುವ ಕಾಲುಗಳು ಏರಿಯ ಕೆಸರಿನಲ್ಲಿ ಎರಡು ಸಲ ಜಾರಿದವು. ತನ್ನ ಜಾಣತನಕ್ಕೆ ಬೆಂಕಿ ಬೀಳಲಿ ಅನ್ನಿಸಿತು. ಇಡೀ ಮನೆಯಲ್ಲಿ ವೇಣುವಿಗೆ ಸುರಕ್ಷಿತವಾಗಿದ್ದ ಒಂದೇ ಜಾಗದಿಂದ ಅವನನ್ನು ಹೊರಗೆಳೆದು, ಕೈ ಕಟ್ಟಿ, ಕೊಲೆಗಾರನ ಜೊತೆ ನೀರಿನ ನಡುವೆ ಬಿಟ್ಟವಳು ಅವಳೇ. ಅವನಿಗೆ ಈಜು ಚೆನ್ನಾಗಿ ಬರುತ್ತದೆ. ಆ ಗಂಟು ಕಟ್ಟಿದ ಮೇಲೆ ಈಜು ಬಂದರೆಷ್ಟು, ಬಿಟ್ಟರೆಷ್ಟು.

ಏರಿಯ ಮೇಲೆ ಹರಿತಾ ಇರಲಿಲ್ಲ. ಆಚೆಯಿಂದ ಮಳೆ ಬೆಳ್ಳಗೆ ಕೆರೆಯನ್ನು ಮುಚ್ಚುತ್ತ ಬಂದು, ದಡವನ್ನೂ ತೋಯಿಸಿ, ಈಗಷ್ಟೇ ಮುಂದಕ್ಕೆ ಸರಿದಿತ್ತು. ಹರಿತಾ ಹೊಂಗೆ ಮರದ ಕೆಳಗೆ ಸೆರಗು ಹೊದ್ದು ನಿಂತಿದ್ದಳು. ಐದು ನಿಮಿಷ ಏನೂ ಕಾಣಲಿಲ್ಲ ಕಣೇ, ಮಳೆ ನಿಂತ ಮೇಲೆ ನೋಡೋಣ ಅಂತ ಇಲ್ಲಿ ಬಂದೆ ಎಂದಳು. ಗಂಡ, ಅಣ್ಣ, ತಮ್ಮ ಮೂವರೂ ತೆಪ್ಪದ ಮೇಲಿದ್ದಾರೆ ಎಂಬ ಧೈರ್ಯದಲ್ಲಿ ಅವಳು ಕೂದಲು ಹಿಂಡಿಕೊಳ್ಳುತ್ತಿದ್ದಳು.

ಹಿಂದೆಯೇ ಚಿಕ್ಕವೆಂಕಟಮ್ಮ ಏದುಸಿರು ಬಿಡುತ್ತ ಏರಿ ಹತ್ತಿ ಬಂದಳು. ಯಶೋಧರಾಳ ರಟ್ಟೆ ಹಿಡಿದುಕೊಂಡು ನಿಂತಳು.

ಕೆರೆಯ ನಡುಮಧ್ಯದಲ್ಲಿ ತೆಪ್ಪ ಕಾಣಿಸಿತು. ಹೋಗಬೇಕಾದ ದಿಕ್ಕು ಬಿಟ್ಟು ಕೋಡಿಯ ಕಡೆಗೆ ವಾಲಿತ್ತು. ಆಚೆ ದಡದಲ್ಲಿ ಮುನಿಗಂಗಪ್ಪ ಎರಡೂ ಕೈಯೆತ್ತಿ ಏನೋ ಕೂಗುತ್ತಿದ್ದ, ಗಾಳಿಯಲ್ಲಿ ಮಾತು ಮುಟ್ಟುತ್ತಿರಲಿಲ್ಲ.

“ನನಗೆ ಅಷ್ಟು ದೂರ ಕಾಣಲ್ಲ ತಾಯಿ,” ಎಂದಳು ಮುದುಕಿ. “ಮೂರೂ ಜನ ಅವ್ರೆ ಅಲ್ವಾ?”

ಯಶೋಧರಾ ಕಣ್ಣು ಕಿರಿದು ಮಾಡಿ ಎಣಿಸಿದಳು. ನಂಬದೆ ಇನ್ನೊಮ್ಮೆ ಎಣಿಸಿದಳು. ಒಬ್ಬ ಬಿದಿರ ಜಲ್ಲೆ ಹಿಡಿದು ನಿಂತಿದ್ದ, ಇನ್ನೊಬ್ಬ ಎರಡೂ ಕೈಯಿಂದ ಮೊಣಕಾಲು ತಬ್ಬಿ ತಲೆ ಹುದುಗಿಸಿ ಕೂತಿದ್ದ. ತೆಪ್ಪದಲ್ಲಿ ಇದ್ದವರು ಇಬ್ಬರೇ.